ಕತ್ತಿಗೂ ಮೊದಲು ಬೋಗುಣಿ

ಕೊಡಗಿನ ಬಾಳೆಲೆ ಆನೆಕಾಲಿನ ನಾಡಲ್ಲ. ಫೈಲೇರಿಯಾ ಪೀಡಿತವೆಂದು ಸರಕಾರ ಗುರುತಿಸಿ ಮನೆಮನೆಗೂ ಮಾತ್ರೆ ಹಂಚಿದ ಕರ್ನಾಟಕದ ಜಿಲ್ಲೆಗಳು ಎರಡು ಗುಂಪಿನವು: ಬಡಗಣದ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ, ಕರಾವಳಿಯ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಕೊಡಗು ಆ ಪಟ್ಟಿಯಲ್ಲಿಲ್ಲ. ಹಾಗೆಂದು ಪಟ್ಟಿಯಲ್ಲಿಲ್ಲದ ಊರಿನಲ್ಲಿ ಕಾಲು ಬಾಯುವುದಿಲ್ಲ ಎನ್ನುವಂತಿಲ್ಲ. ರಕ್ತನಾಳಗಳಿಂದ ಹೊರಗೆ ಜಿನುಗಿದ ನೀರನ್ನೂ ಪ್ರೋಟೀನನ್ನೂ ಬಾಚಿಕೊಂಡು ಮತ್ತೆ ರಕ್ತಕ್ಕೆ ತಲುಪಿಸುವ ಸೂಕ್ಷ್ಮನಾಳಗಳ ಜಾಲವೊಂದು ಮೈಯೆಲ್ಲ ಹರಡಿದೆ; ಅದರಲ್ಲಿ ಹರಿಯುವುದು ದುಗ್ಧರಸ. ಸೊಳ್ಳೆ ತಂದ ಫೈಲೇರಿಯಾ ಹುಳು ಆ ನಾಳವನ್ನು ಕೆಡಿಸಬಹುದು. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅದು ಕಡಿದುಹೋಗಬಹುದು. ಹುಟ್ಟಿನಿಂದಲೇ ಅದು ದುರ್ಬಲವಾಗಿರಬಹುದು. ಕಾಲಿಗೆ ಮತ್ತೆ ಮತ್ತೆ ನಂಜೇರಿಯೂ ಹಾಳಾಗಬಹುದು. ಕಾರಣ ಯಾವುದಾದರೂ ಆಗುವುದು ಒಂದೇ: ನೀರು ಹೊರಹೋಗುವ ತೋಡು ಕಟ್ಟಿಕೊಂಡ ಗದ್ದೆಯಂತೆ ಕಾಲೋ ಕೈಯೋ ತುಂಬಿ ನಿಲ್ಲುತ್ತದೆ. ನೀರು ನಿಂತಲ್ಲಿ ಕ್ರಮೇಣ ಕೊಬ್ಬೂ ನಾರೂ ಬೆಳೆದು ಊತ ಗಟ್ಟಿಯಾಗುತ್ತದೆ. ಇದಕ್ಕೆ ವೈದ್ಯರು ಕೊಟ್ಟ ಹೆಸರು ಲಿಂಫೆಡಿಮಾ. ಈ ಊತವನ್ನು ಕತ್ತಿಯಿಂದ ಗೆಲ್ಲಲು ಮನುಷ್ಯ ಮಾಡಿದ ಪ್ರಯತ್ನಕ್ಕೆ ದೀರ್ಘ ಚರಿತ್ರೆಯಿದೆ. ಅದನ್ನು ಮೊದಲಿಂದ ಓದುತ್ತ ಬಂದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಊತವನ್ನು ಕಡಿದು ತೆಗೆಯುವುದರಲ್ಲಿ ಪ್ರತಿ ತಲೆಮಾರಿನ ಶಸ್ತ್ರವೈದ್ಯರೂ ಮುಂದೆ ಸಾಗಿದರು. ಆದರೆ ಊತವನ್ನು ಬೆಳೆಸುತ್ತಿದ್ದದ್ದು ಚರ್ಮದ ಬಿರುಕಿನಲ್ಲಿತ್ತು, ಅಲ್ಲಿಗೆ ಕತ್ತಿ ತಲುಪಲಿಲ್ಲ. ಅಲ್ಲಿಗೆ ತಲುಪಿದ್ದು ಒಂದು ಬೋಗುಣಿ ನೀರು, ಸೋಪು, ಒಣಬಟ್ಟೆ.

ಈ ಚರಿತ್ರೆಯ ಮೊದಲ ಪುಟಗಳು ನಮ್ಮ ನೆಲದವೇ. ಸುಶ್ರುತ ಸಂಹಿತೆ ಈ ರೋಗವನ್ನು ಶ್ಲೀಪದ ಎಂದು ಕರೆದು, ಹಳೆಯ ನೀರು ನಿಂತಿರುವ, ಎಲ್ಲ ಋತುವಿನಲ್ಲೂ ತಂಪಾಗಿರುವ ನಾಡುಗಳಲ್ಲಿ ಇದು ಹೆಚ್ಚು ಎನ್ನುತ್ತದೆ. ಸೊಳ್ಳೆಯ ಸುಳಿವಿಲ್ಲದ ಕಾಲದಲ್ಲಿ ನಿಂತ ನೀರಿಗೂ ಬಾತ ಕಾಲಿಗೂ ನಂಟು ಕಂಡದ್ದು ದೊಡ್ಡ ಮಾತು. ಅಲ್ಲಿ ಹೇಳಿದ ಶಸ್ತ್ರಕರ್ಮ ಸಿರಾವೇಧ, ಅಂದರೆ ರಕ್ತನಾಳ ಚುಚ್ಚಿ ರಕ್ತ ಹರಿಯಬಿಡುವುದು. ವಾತದಿಂದಾದ ಊತಕ್ಕೆ ಹರಡಿಗಿಂತ ನಾಲ್ಕು ಅಂಗುಲ ಮೇಲೆ, ಪಿತ್ತದಿಂದಾದದ್ದಕ್ಕೆ ಹರಡಿನ ಕೆಳಗೆ, ಕಫದಿಂದಾದದ್ದಕ್ಕೆ ಹೆಬ್ಬೆರಳಿನಲ್ಲಿ ಎಂದು ಜಾಗವನ್ನೂ ಬೇರೆ ಬೇರೆಯಾಗಿ ಗೊತ್ತುಮಾಡಿದ್ದಾರೆ. ಇದಕ್ಕಿಂತ ಮುಖ್ಯವಾದದ್ದು ಅದೇ ಗ್ರಂಥ ಹಾಕಿಕೊಟ್ಟ ಮಿತಿ. ವರ್ಷ ದಾಟಿದ, ತೀರಾ ದೊಡ್ಡದಾದ, ಹುತ್ತದಂತೆ ಗಂಟುಗಂಟಾಗಿ ಸೋರುವ ಶ್ಲೀಪದವನ್ನು ಮುಟ್ಟಬೇಡಿ ಎಂದು ಅದು ವೈದ್ಯನಿಗೆ ಹೇಳುತ್ತದೆ. ಮೊದಲ ಹಂತದಲ್ಲಿ ಮಾಡಿದ ಶಸ್ತ್ರಚಿಕಿತ್ಸೆ ಫಲಿಸುತ್ತದೆ, ನಾರುಗಟ್ಟಿದ ಮೇಲೆ ಮಾಡಿದ್ದು ಅಷ್ಟಾಗಿ ಫಲಿಸುವುದಿಲ್ಲ ಎಂದು ಇಂದಿನ ಸೂಕ್ಷ್ಮ ಶಸ್ತ್ರವೈದ್ಯರೂ ಹೇಳುತ್ತಾರೆ. ಎರಡೂ ಮಾತು ಒಂದೇ ಅನುಭವದಿಂದ ಬಂದವು.

ಕೊಡಗಿನ ಪಡುವಣ ಇಳಿಜಾರು ಮುಗಿಯುವಲ್ಲಿ ಮಲಬಾರು. ಹದಿನಾರನೆಯ ಶತಮಾನದಲ್ಲಿ ಯುರೋಪಿನವರು ಆನೆಕಾಲನ್ನು ಕಣ್ಣಾರೆ ಕಂಡು ಬರೆದದ್ದು ಇದೇ ಕರಾವಳಿಯ ಬಗ್ಗೆ. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಡಚ್ಚರ ಯಾನ್ ಹೈಗೆನ್ ವಾನ್ ಲಿನ್ಸ್‌ಖೋಟನ್, 1596ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಮೊಣಕಾಲಿನಿಂದ ಕೆಳಗೆ ಆನೆಯ ಕಾಲಿನಂತೆ ಬಾತವರನ್ನು ವರ್ಣಿಸಿದ್ದಾನೆ. ಸಂತ ತೋಮಸನನ್ನು ಕೊಂದವರ ವಂಶಕ್ಕೆ ತಗಲಿದ ಶಾಪವಿದು ಎಂಬ ಜನರ ಮಾತನ್ನೂ ದಾಖಲಿಸಿದ್ದಾನೆ. ಮುಂದೆ ಇಂಗ್ಲಿಷರ ಬಾಯಲ್ಲಿ ಇದು ಕೊಚ್ಚಿಯ ಕಾಲು ಎಂದೇ ಹೆಸರಾಯಿತು. ಶಾಪದ ಕತೆ ಹುಸಿಯಾದರೂ ಅದು ಉಳಿಸಿದ ನಾಚಿಕೆ ಹುಸಿಯಲ್ಲ. ಬಾತ ಕಾಲನ್ನು ಸೀರೆಯ ನೆರಿಗೆಯಲ್ಲಿ, ಪಂಚೆಯ ಅಂಚಿನಲ್ಲಿ ಮುಚ್ಚಿಡುವ ರೂಢಿ ನಿಂತಿಲ್ಲ. ಮುಚ್ಚಿಟ್ಟ ಕಾಲನ್ನು ಯಾರೂ ತೊಳೆದು ನೋಡುವುದಿಲ್ಲ; ಇದು ರೋಗದ ಚರಿತ್ರೆಯಷ್ಟೇ ಹಳೆಯ ಕಷ್ಟ. ಕಾರಣ ಗೊತ್ತಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1872ರಲ್ಲಿ ಕಲ್ಕತ್ತದ ತಿಮೊಥಿ ಲೂಯಿಸ್ ಮನುಷ್ಯನ ರಕ್ತದಲ್ಲಿ ಹುಳುವಿನ ಮರಿಗಳನ್ನು ಕಂಡ. 1877ರಲ್ಲಿ ಚೀನಾದ ಅಮೋಯ್‌ನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಆ ಮರಿಗಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ತೋರಿಸಿದ. ಕೀಟವೊಂದು ಮನುಷ್ಯನ ರೋಗದ ಹುಳುವನ್ನು ಹೊತ್ತು ಬೆಳೆಸುತ್ತದೆಂದು ಜಗತ್ತಿಗೆ ಮೊದಲು ತಿಳಿದದ್ದು ಆನೆಕಾಲಿನ ದೆಸೆಯಿಂದಲೇ.

ಕಾರಣ ತಿಳಿಯುವ ಮುನ್ನವೇ ಕತ್ತಿ ಕೆಲಸ ಶುರುಮಾಡಿತ್ತು. ಬಂಗಾಳದ ಹೂಗ್ಲಿಯಲ್ಲಿದ್ದ ಜೇಮ್ಸ್ ಎಸ್ಡೇಲ್ 1845ರಲ್ಲಿ ಮೋಡಿನಿದ್ದೆಯಂಥ ಮೆಸ್ಮರಿಸಂ ವಿದ್ಯೆಯಿಂದ ರೋಗಿಗಳನ್ನು ಮಲಗಿಸಿ ವೃಷಣಚೀಲದ ಭಾರಿ ಗಡ್ಡೆಗಳನ್ನು ಕತ್ತರಿಸತೊಡಗಿದ. ಬಾಸ್ಟನ್ನಿನಲ್ಲಿ ಈಥರ್ ಬಳಸಿ ಜಗತ್ತಿಗೆ ತೋರಿಸಿದ್ದು 1846ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲೇ ಎಸ್ಡೇಲನ ಪ್ರಯೋಗಗಳು ನಡೆದಿದ್ದವು. ಕ್ಲೋರೋಫಾರಂ ಬಂದ ಮೇಲೆ ಆ ವಿದ್ಯೆಗೆ ಬೆಲೆ ಉಳಿಯಲಿಲ್ಲ. ಆದರೆ ಮಣಗಟ್ಟಲೆ ತೂಗುವ ಊತ ಹೊತ್ತು ಬದುಕುತ್ತಿದ್ದ ಬಡವರು ಪ್ರಾಣದ ಹಂಗು ತೊರೆದು ಆ ಮೇಜಿನ ಮೇಲೆ ಮಲಗಿದ್ದರು ಎಂಬುದನ್ನು ಮರೆಯುವಂತಿಲ್ಲ. ಅರ್ಧ ಶತಮಾನದ ಬಳಿಕ ಕಲ್ಕತ್ತ ಮೆಡಿಕಲ್ ಕಾಲೇಜಿನ ಹ್ಯಾವ್ಲಾಕ್ ಚಾರ್ಲ್ಸ್ ಇಂಥ ನೂರಕ್ಕೂ ಹೆಚ್ಚು ಶಸ್ತ್ರಕ್ರಿಯೆಗಳ ವರದಿ ಮಾಡಿದರು. ಇಂದಿಗೂ ಶಸ್ತ್ರವೈದ್ಯದ ಪುಸ್ತಕಗಳಲ್ಲಿ ಚಾರ್ಲ್ಸ್ ಶಸ್ತ್ರಕ್ರಿಯೆ ಎಂದರೆ ಕಾಲಿನ ಬಾತ ಚರ್ಮವನ್ನೂ ಅದರಡಿಯ ಕೊಬ್ಬನ್ನೂ ಸ್ನಾಯುವಿನವರೆಗೆ ಸುಲಿದು ತೆಗೆದು ಮೇಲೆ ಚರ್ಮದ ಕಸಿ ಹಾಕುವುದು. ಆದರೆ ಚಾರ್ಲ್ಸ್ ಹೆಸರು ಮಾಡಿದ್ದು ವೃಷಣಚೀಲದ ಊತದ ಚಿಕಿತ್ಸೆಯಿಂದ. 1950ರಲ್ಲಿ ಆರ್ಚಿಬಾಲ್ಡ್ ಮ್ಯಾಕಿಂಡೋ ಬರೆದ ಮಾತಿನಿಂದ ಆ ಹೆಸರು ಕಾಲಿನ ಶಸ್ತ್ರಕ್ರಿಯೆಗೆ ಅಂಟಿಕೊಂಡಿತು ಎಂದು ಮೂಲ ಬರಹಗಳನ್ನು ತೆಗೆದು ಓದಿದ ಶಸ್ತ್ರವೈದ್ಯರು ಆಮೇಲೆ ತೋರಿಸಿಕೊಟ್ಟರು. ಇದು ಹೆಸರಿನ ಜಗಳವಷ್ಟೇ ಆಗಿದ್ದರೆ ಇಲ್ಲಿ ಎತ್ತುವ ಅಗತ್ಯವಿರಲಿಲ್ಲ. ವೃಷಣಚೀಲದಲ್ಲಿ ಕತ್ತಿ ನಿಜಕ್ಕೂ ಗೆದ್ದಿತ್ತು. ಹುಳುವಿನಿಂದಾದ ಬೀಜದ ನೀರುಬಾವಿಗೆ ಇಂದಿಗೂ ಶಸ್ತ್ರಕ್ರಿಯೆಯೇ ಸರಿಯಾದ ಚಿಕಿತ್ಸೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಬಹುದಾದದ್ದು, ಒಂದೇ ಸಲಕ್ಕೆ ಮುಗಿಯುವಂಥದು. ಆ ಗೆಲುವಿನ ಹೆಸರನ್ನು ಕಾಲಿಗೆ ತಂದಾಗ ಅದರ ಜೊತೆ ನಂಬಿಕೆಯೂ ಬಂತು. ಕಾಲು ಬೇರೆ ಲೆಕ್ಕ. ಸುಲಿದು ಕಸಿ ಹಾಕಿದ ಕಾಲು ಸಣ್ಣದಾಗುತ್ತದೆ, ನಿಜ. ಆದರೆ ಆ ಚರ್ಮ ಒರಟಾಗುತ್ತದೆ, ಬಿರಿಯುತ್ತದೆ, ಪಾದ ಮತ್ತೆ ಬಾಯುತ್ತದೆ. ಬೇರೆ ದಾರಿಯೇ ಇಲ್ಲದ ಕಾಲುಗಳಿಗೆ ಮಾತ್ರ ಈಗ ಅದನ್ನು ಮೀಸಲಿಟ್ಟಿದ್ದಾರೆ.

ಇದೇ ಕಾಲದಲ್ಲಿ ಊತ ಇನ್ನೊಂದು ದಾರಿಯಿಂದ ಹೆಚ್ಚುತ್ತಿತ್ತು, ಆ ದಾರಿ ಕತ್ತಿಯೇ ತೆರೆದದ್ದು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ಪ್ರಕಟಿಸಿದ ಕ್ರಮದಂತೆ ಸ್ತನ ಕ್ಯಾನ್ಸರಿಗೆ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುವುದು ಜಗತ್ತಿನ ವಾಡಿಕೆಯಾಯಿತು. ಬದುಕಿದ ಅನೇಕ ಹೆಂಗಸರ ಕೈ ಬಾತಿತು. 1921ರಲ್ಲಿ ಹಾಲ್‌ಸ್ಟೆಡ್ ತಾವೇ ಅದಕ್ಕೆ ಶಸ್ತ್ರಜನ್ಯ ಆನೆಕಾಲು ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟು ಬರೆದರು. ತಮ್ಮ ಕತ್ತಿಯ ಪರಿಣಾಮವನ್ನು ಹೆಸರಿಟ್ಟು ಒಪ್ಪಿಕೊಂಡ ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು. ಅದಕ್ಕೂ ಮೊದಲು, 1908ರಲ್ಲಿ, ಲಂಡನ್ನಿನ ಸ್ಯಾಂಪ್ಸನ್ ಹ್ಯಾಂಡ್ಲಿ ಬಾತ ಕೈಯ ಚರ್ಮದಡಿ ರೇಷ್ಮೆ ದಾರಗಳನ್ನು ಹಾಯಿಸಿ, ಅವುಗಳ ಗುಂಟ ದುಗ್ಧರಸ ಹರಿದೀತೆಂದು ನೋಡಿದ್ದರು. ಹೊಸ ತೋಡು ತೋಡುವ ಯೋಚನೆ ಅದು. ನಂಜಾಯಿತು, ಫಲ ನಿಲ್ಲಲಿಲ್ಲ. 1912ರಲ್ಲಿ ಗ್ರೀಸಿನ ಕೊಂಡೋಲಿಯಾನ್ ಸ್ನಾಯುವಿನ ಮೇಲಿನ ಗಟ್ಟಿ ಪದರವನ್ನು ಉದ್ದುದ್ದ ಕತ್ತರಿಸಿ, ಮೇಲಿನ ನೀರು ಒಳಗಿನ ನಾಳಗಳಿಗೆ ಇಳಿಯಲಿ ಎಂದು ದಾರಿ ಮಾಡಿದರು. ಗದ್ದೆಯ ಬದು ಒಡೆದು ಪಕ್ಕದ ಗದ್ದೆಗೆ ನೀರು ಬಿಟ್ಟಂತೆ. ದೇಹ ಆ ಬದುವನ್ನು ನಾರಿನಿಂದ ಮತ್ತೆ ಕಟ್ಟಿಕೊಂಡಿತು. ನಾಳಗಳು ಎಲ್ಲಿ ಹೇಗೆ ಹರಿಯುತ್ತವೆ ಎಂಬುದೇ ಕಣ್ಣಿಗೆ ಕಾಣದ ಕಾಲದ ಪ್ರಯತ್ನಗಳಿವು. ದುಗ್ಧನಾಳಕ್ಕೆ ನೇರವಾಗಿ ಬಣ್ಣ ಹಾಯಿಸಿ ಎಕ್ಸ್‌ರೇಯಲ್ಲಿ ನೋಡುವ ವಿಧಾನ ಕಿನ್‌ಮಂತ್ ಅವರಿಂದ ಬಂದದ್ದು 1952ರಲ್ಲಿ.

ನಾಳ ಕಾಣತೊಡಗಿದ ಮೇಲೆ ಶಸ್ತ್ರವೈದ್ಯರ ಗುರಿ ಬದಲಾಯಿತು: ಊತವನ್ನು ಕಡಿಯುವ ಬದಲು ಹರಿವನ್ನು ಜೋಡಿಸುವುದು. ಪೋಲೆಂಡಿನ ವಾರ್ಸಾದಲ್ಲಿ ನೀಲುಬೋವಿಚ್ ಮತ್ತು ಒಲ್ಷೆವ್‌ಸ್ಕಿ 1968ರಲ್ಲಿ ದುಗ್ಧಗ್ರಂಥಿಯನ್ನು ಸೀಳಿ ಪಕ್ಕದ ಅಭಿಧಮನಿಗೆ ಹೊಲಿದ ಚಿಕಿತ್ಸೆಯನ್ನು ಪ್ರಕಟಿಸಿದರು. ಕಟ್ಟಿದ ತೋಡನ್ನು ಹೊಳೆಗೇ ಸೇರಿಸಿದ ಹಾಗೆ. 1977ರಲ್ಲಿ ಮೆಲ್ಬೋರ್ನಿನ ಓಬ್ರಿಯನ್ ಸೂಕ್ಷ್ಮದರ್ಶಕದಡಿ ದುಗ್ಧನಾಳವನ್ನೇ ಅಭಿಧಮನಿಗೆ ಹೊಲಿದು ತೋರಿಸಿದರು. 2000ದ ಹೊತ್ತಿಗೆ ಜಪಾನಿನ ಕೊಷಿಮಾ ಒಂದು ಮಿಲಿಮೀಟರಿಗೂ ಸಣ್ಣ ನಾಳಗಳಿಗೆ ಹೊಲಿಗೆ ಹಾಕುವ ಮಟ್ಟಕ್ಕೆ ಅದನ್ನು ಒಯ್ದರು. ಫ್ರಾನ್ಸಿನ ಕೊರಿನ್ ಬೆಕರ್ ದೇಹದ ಒಂದೆಡೆಯಿಂದ ರಕ್ತನಾಳ ಸಮೇತ ಗ್ರಂಥಿ ಎತ್ತಿ ಬಾತ ಕೈಯ ಬುಡದಲ್ಲಿ ನೆಟ್ಟರು. ಸ್ವೀಡನ್ನಿನ ಮಾಲ್ಮೋದಲ್ಲಿ ಹೋಕನ್ ಬ್ರೋರ್ಸನ್ 1987ರಿಂದ ಬಾತ ಕೈಕಾಲಿನಲ್ಲಿ ಕೂಡಿದ ಕೊಬ್ಬನ್ನು ಕೊಳವೆಯಿಂದ ಹೀರಿ ತೆಗೆಯತೊಡಗಿದರು. ಯಾವ ಪಟ್ಟಿ ಸುತ್ತಿದರೂ ಕರಗದ ಕೊಬ್ಬಿಗೆ ಅದು ನಿಜವಾದ ಪರಿಹಾರ. ಆದರೆ ಆ ಚಿಕಿತ್ಸೆ ಪಡೆದವರು ಹಗಲು ರಾತ್ರಿ ಬಿಗಿ ಕಾಲುಚೀಲವನ್ನೋ ಕೈಚೀಲವನ್ನೋ ಜೀವಮಾನವಿಡೀ ತೊಡಬೇಕು, ಬಿಟ್ಟರೆ ಊತ ಮರಳುತ್ತದೆ. ಇದನ್ನು ಬ್ರೋರ್ಸನ್ ತಮ್ಮ ಚಿಕಿತ್ಸೆಯ ಷರತ್ತಾಗಿಯೇ ಇಟ್ಟರು.

ನಮ್ಮ ಹತ್ತಿರದ ಕತೆ ಇಲ್ಲಿಂದ ಶುರು. ಕಾವೇರಿ ಮುಖಜಭೂಮಿಯ ತಂಜಾವೂರು ಆನೆಕಾಲಿಗೆ ಹೆಸರಾದ ಊರು. ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಸ್. ಜಮಾಲ್ ಫೈಲೇರಿಯಾದ ಕಾಲುಗಳಲ್ಲಿ ದುಗ್ಧರಸವನ್ನು ಅಭಿಧಮನಿಗೆ ತಿರುಗಿಸುವ ಶಸ್ತ್ರಕ್ರಿಯೆ ನಡೆಸಿ 1981ರಲ್ಲಿ ವರದಿ ಪ್ರಕಟಿಸಿದರು. ವಾರ್ಸಾದ ಒಲ್ಷೆವ್‌ಸ್ಕಿ ಅವರೂ ತಮಿಳುನಾಡಿನ ವೈದ್ಯರೂ ಮುಂದೆ ಜೊತೆಯಾದರು. 1997ರಲ್ಲಿ ಜಮಾಲ್ ಮತ್ತು ಇತರರೊಂದಿಗೆ ಒಲ್ಷೆವ್‌ಸ್ಕಿ ಪ್ರಕಟಿಸಿದ ಸಂಶೋಧನೆ ಹೊಲಿಗೆಯ ಬಗ್ಗೆ ಆಗಿರಲಿಲ್ಲ. ಬಾತ ಕಾಲುಗಳ ಚರ್ಮ, ದುಗ್ಧರಸ, ಗ್ರಂಥಿಗಳಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆ ಎಂಬುದರ ಬಗ್ಗೆ ಆಗಿತ್ತು. ಚರ್ಮದ ಮೇಲಿನ ಕ್ರಿಮಿಗಳೇ ಒಳಗಿನ ರಸದಲ್ಲೂ ಸಿಕ್ಕವು. ರೋಗಿಗಳು ಚಳಿಜ್ವರ ಬಂದು ಕಾಲು ಕೆಂಪಗಾಯಿತು ಎಂದು ಹೇಳುವ ಆ ದಾಳಿ ಹುಳುವಿನದಲ್ಲ, ಬೆರಳ ಸಂದಿಯ ಬಿರುಕಿನಿಂದ ನುಗ್ಗಿದ ಕ್ರಿಮಿಯದು. ಪ್ರತಿ ದಾಳಿಯೂ ಉಳಿದ ನಾಳಗಳಲ್ಲಿ ಇನ್ನಷ್ಟನ್ನು ಸುಟ್ಟುಹಾಕಿ ಊತವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ. ಗ್ರಂಥಿಯನ್ನು ಅಭಿಧಮನಿಗೆ ಹೊಲಿಯುವ ವಿದ್ಯೆಯನ್ನು ಜಗತ್ತಿಗೆ ಕೊಟ್ಟ ಕೈಗಳೇ ಕೊನೆಗೆ ಬೆರಳ ಸಂದಿಯನ್ನು ತೋರಿಸಿದವು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಾಣುವ ತಿರುವು ಇದೇ. ಬ್ರೆಜಿಲ್ಲಿನ ರೆಸಿಫೆಯಲ್ಲಿ ಗೆರೂಸಾ ಡ್ರೇಯರ್ ಅದೇ ಹೊತ್ತಿಗೆ ಕಾಲು ತೊಳೆಯುವುದನ್ನು ರೋಗಿಗಳಿಗೆ ಕಲಿಸಿ, ಜ್ವರದ ದಾಳಿಗಳು ಅದರಿಂದಲೇ ಕಡಿಮೆಯಾಗುವುದನ್ನು ಕಂಡಿದ್ದರು.

ಬಾಳೆಲೆಯಿಂದ ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ದಾಟಿ ಸುಳ್ಯದ ಕಡೆಗೆ ಘಟ್ಟ ಇಳಿದರೆ ಕಾಸರಗೋಡು. ಕನ್ನಡ, ತುಳು, ಮಲಯಾಳ ಬೆರೆತ ಆ ಗಡಿನಾಡಿನ ಉಳಿಯತ್ತಡ್ಕದಲ್ಲಿ ಚರ್ಮವೈದ್ಯ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ನಡೆಸುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ 1999ರಿಂದ ಕೆಲಸ ಮಾಡುತ್ತಿದೆ. ಆಕ್ಸ್‌ಫರ್ಡಿನ ಚರ್ಮವೈದ್ಯ ಟೆರೆನ್ಸ್ ರಯಾನ್ ಇವರ ಜೊತೆಗಿದ್ದರು. ಅಲ್ಲಿನ ಕ್ರಮ ಸರಳ, ಆದರೆ ಶಿಸ್ತಿನದು. ಸೋಪಿನಿಂದ ಕಾಲನ್ನು ತೊಳೆದು ಬೆರಳ ಸಂದಿಗಳನ್ನು ಒಣಗಿಸುವುದು. ಆಯುರ್ವೇದದ ಫಾಂಟದಲ್ಲಿ, ಅಂದರೆ ಮೂಲಿಕೆ ನೆನೆಸಿದ ನೀರಿನಲ್ಲಿ, ಕಾಲನ್ನು ಅದ್ದಿಡುವುದು. ಬಿರುಕಿಗೂ ಬೂಷ್ಟಿಗೂ ಆಧುನಿಕ ಔಷಧ ಹಚ್ಚುವುದು. ಉಸಿರಾಟದ ಜೊತೆ ಯೋಗಾಸನ. ಎಣ್ಣೆ ಹಾಕಿ ಹೃದಯದ ದಿಕ್ಕಿಗೆ ತೀಡುವುದು. ಕೊನೆಗೆ ಬೆರಳಿನಿಂದ ಮೇಲಕ್ಕೆ ಬಿಗಿಯಾಗಿ ಪಟ್ಟಿ ಸುತ್ತುವುದು. ರೋಗಿಗೂ ಮನೆಯವರಿಗೂ ಇದನ್ನು ಕಲಿಸಿ ಮನೆಗೆ ಕಳಿಸುತ್ತಾರೆ. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ನೂರಾರು ರೋಗಿಗಳೊಂದಿಗೆ ಇದನ್ನು ನಡೆಸಿ ನೋಡಿದ ಫಲವನ್ನು 2013ರಲ್ಲಿ ಪ್ರಕಟಿಸಿದರು: ಊತ ಇಳಿದಿತ್ತು, ಜ್ವರದ ದಾಳಿಗಳು ಕಡಿಮೆಯಾಗಿದ್ದವು. ಇದು ಕತ್ತಿಯಿಲ್ಲದೆ ಆದದ್ದು, ಆಸ್ಪತ್ರೆಯಿಂದ ದೂರದ ಹಳ್ಳಿಗಳಲ್ಲಿ ಆದದ್ದು.

ಇದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು: ಕಾಸರಗೋಡಿನ ಅಧ್ಯಯನದಲ್ಲಿ ಹೋಲಿಕೆಗೆ ಬೇರೆ ಗುಂಪನ್ನು ಚೀಟಿಯೆತ್ತಿ ಆರಿಸಿರಲಿಲ್ಲ, ಹಾಗಾಗಿ ಮೂಲಿಕೆಯಿಂದ ಎಷ್ಟು, ಪಟ್ಟಿಯಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ಈ ಮಾತು ಸರಿ, ನಾನು ಒಪ್ಪುತ್ತೇನೆ. ಆದರೆ ತೊಳೆಯುವುದು, ಒಣಗಿಸುವುದು, ಬಿರುಕು ಮುಚ್ಚುವುದು, ಪಟ್ಟಿ ಸುತ್ತುವುದು ಇವು ರೆಸಿಫೆಯಿಂದ ಯುರೋಪಿನವರೆಗೆ ಎಲ್ಲ ಕಡೆಯ ಚಿಕಿತ್ಸೆಯಲ್ಲೂ ಇವೆ. ಫಾಂಟದ ಪಾಲು ಎಷ್ಟೆಂಬ ಪ್ರಶ್ನೆ ತೆರೆದಿದ್ದರೂ ಬೋಗುಣಿಯ ಪಾಲು ತೆರೆದ ಪ್ರಶ್ನೆಯಲ್ಲ. ಎರಡನೆಯದು ಇನ್ನೂ ಗಟ್ಟಿ: ಬೆಂಗಳೂರು, ಚೆನ್ನೈ, ಕೊಚ್ಚಿಯ ದೊಡ್ಡ ಆಸ್ಪತ್ರೆಗಳಲ್ಲಿ ಸೂಕ್ಷ್ಮ ಶಸ್ತ್ರಕ್ರಿಯೆ ಸಿಗುತ್ತಿರುವಾಗ, ತೋಟದ ಲೈನ್ ಮನೆಯವರಿಗೆ ಮಾತ್ರ ಸೋಪು ನೀರಿನ ಪಾಠ ಹೇಳುವುದು ಬಡವರಿಗೆ ಕಡಿಮೆ ದರ್ಜೆಯ ಚಿಕಿತ್ಸೆ ಕೊಟ್ಟಂತಲ್ಲವೇ? ಈ ಪ್ರಶ್ನೆಗೆ ಬರೀ ಜಾಣ್ಮೆಯ ಉತ್ತರ ಸಾಲದು. ಶಸ್ತ್ರಕ್ರಿಯೆ ಬೇಕಾದವರಿಗೆ ಅದು ಸಿಗಬೇಕು. ಊತ ಶುರುವಾದ ಮೊದಲ ವರ್ಷಗಳಲ್ಲಿ ನಾಳ ಜೋಡಿಸಿದರೆ ಫಲವಿದೆ, ಗಟ್ಟಿಯಾದ ಕೊಬ್ಬಿಗೆ ಹೀರುಕೊಳವೆಯಲ್ಲದೆ ದಾರಿಯಿಲ್ಲ. ಆದರೆ ಕೊಷಿಮಾರ ಹೊಲಿಗೆಯಾಗಲಿ ಬ್ರೋರ್ಸನ್ನರ ಕೊಳವೆಯಾಗಲಿ ನಂಜಿರುವ, ಬಿರಿದ ಕಾಲಿನ ಮೇಲೆ ನಡೆಯುವುದಿಲ್ಲ. ಮೊದಲು ಚರ್ಮ ಗುಣವಾಗಬೇಕು, ಆಮೇಲೂ ಜೀವನವಿಡೀ ಅದೇ ಆರೈಕೆ ನಡೆಯಬೇಕು. ಶ್ರೀಮಂತನ ಕಾಲಿಗೂ ಇದೇ ಕ್ರಮ. ಬೋಗುಣಿಯನ್ನು ಬಡವರ ಪಾಲಿಗೆ ಬಿಟ್ಟು ಕತ್ತಿಯನ್ನು ಸಿರಿವಂತರ ಪಾಲಿಗೆ ಇಡುವ ಹಂಚಿಕೆ ಚರಿತ್ರೆಯಲ್ಲೂ ಇಲ್ಲ, ವೈದ್ಯದಲ್ಲೂ ಇಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು: ಸ್ತನ ಕ್ಯಾನ್ಸರಿನಲ್ಲಿ ಬಾತ ಕೈಗಳ ಸಂಖ್ಯೆ ತಗ್ಗಲು ಶಸ್ತ್ರವೈದ್ಯರು ಮಾಡಿದ ದೊಡ್ಡ ಉಪಕಾರ ಕಡಿಮೆ ಕತ್ತರಿಸಲು ಕಲಿತದ್ದು. 1990ರ ದಶಕದಲ್ಲಿ ಬಂದ ಕಾವಲು ಗ್ರಂಥಿಯ ಪರೀಕ್ಷೆಯಿಂದ, ಮೊದಲ ಒಂದೆರಡು ಗ್ರಂಥಿಗಳಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಉಳಿದವನ್ನು ಹಾಗೇ ಬಿಡಬಹುದಾಯಿತು.

ಮೂರನೆಯ ಆಕ್ಷೇಪ ಬಾಳೆಲೆಯದೇ: ಫೈಲೇರಿಯಾ ಇಲ್ಲದ ಜಿಲ್ಲೆಗೆ ಈ ಚರಿತ್ರೆಯೆಲ್ಲ ಏಕೆ? ಫೈಲೇರಿಯಾ ಇಲ್ಲವೆಂಬುದೇ ಇದಕ್ಕೆ ಕಾರಣ ಎನ್ನುತ್ತೇನೆ. 1955ರಲ್ಲಿ ಶುರುವಾದ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಅದರ ಮುಂದಿನ ರೂಪಗಳೂ ನಕ್ಷೆಯ ಮೇಲೆ ನಡೆದವು. ನಕ್ಷೆಯೊಳಗಿನ ಜಿಲ್ಲೆಯಲ್ಲಿ ಬಾತ ಕಾಲನ್ನು ಎಣಿಸುವವರಿದ್ದಾರೆ, ಬೋಗುಣಿ, ಸೋಪು, ಮುಲಾಮಿನ ಕಿಟ್ ಕೊಟ್ಟು ತೊಳೆಯುವುದನ್ನು ಕಲಿಸುವವರಿದ್ದಾರೆ. ನಕ್ಷೆಯ ಹೊರಗೆ ಬಾತ ಕಾಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ಇತ್ತ ಕಾಫಿ ತೋಟಗಳಿಗೆ ಹತ್ತೊಂಬತ್ತನೆಯ ಶತಮಾನದಿಂದಲೂ ಮೈಸೂರು ಸೀಮೆಯಿಂದ, ದಕ್ಷಿಣ ಕನ್ನಡದಿಂದ, ಮಲಬಾರಿನಿಂದ ಜನ ದುಡಿಯಲು ಬಂದಿದ್ದಾರೆ. ಈಗ ಇನ್ನೂ ದೂರದಿಂದ ಬರುತ್ತಾರೆ. ರೋಗ ಹತ್ತಿದ ಊರು ಒಂದು, ಕಾಲು ಬಾತು ಕಾಣಿಸುವ ಊರು ಇನ್ನೊಂದು ಆಗುವುದಕ್ಕೆ ಇದಕ್ಕಿಂತ ಸುಲಭದ ದಾರಿಯಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಮಾಡುವವರಿಗೆ ಕೆಸರುಹುಣ್ಣು ಬರುವುದು ಎಲ್ಲರಿಗೂ ಗೊತ್ತು, ಯಾರೂ ಅದನ್ನು ರೋಗವೆಂದು ಎಣಿಸುವುದಿಲ್ಲ. ನಾಳಗಳು ಗಟ್ಟಿಯಿರುವವನ ಕಾಲಿನಲ್ಲಿ ಅದು ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮಾಯುತ್ತದೆ. ನಾಳ ದುರ್ಬಲವಾದವರ ಕಾಲಿನಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ತೊಡೆಸಂದಿಯ ಗ್ರಂಥಿ ಕಳೆದುಕೊಂಡವರ ಕಾಲಿನಲ್ಲಿ, ಅದೇ ಬಿರುಕು ತಂಜಾವೂರಿನ ವೈದ್ಯರು ಕಂಡ ಬಾಗಿಲಾಗುತ್ತದೆ.

ಮಡಿಕೇರಿಯಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜಿದೆ. ಕಾಸರಗೋಡಿನಲ್ಲಿ ಕಾಲು ಶತಮಾನ ಕಲಿತ ವಿದ್ಯೆಯಿದೆ. ಇವೆರಡರ ನಡುವೆ ಒಂದೇ ಒಂದು ಘಟ್ಟದ ದಾರಿ. ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೆ ಕಾಲು ತೊಳೆದು, ಸಂದಿ ಒಣಗಿಸಿ, ಪಟ್ಟಿ ಸುತ್ತುವುದನ್ನು ಕೆಲವೇ ದಿನಗಳಲ್ಲಿ ಕಲಿಸಬಹುದು. ಯಾವ ಕಾಲನ್ನು ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯರಿಗೆ ಬೇಗ ತೋರಿಸಬೇಕು ಎಂಬುದನ್ನೂ ಕಲಿಸಬಹುದು. ಜಿಲ್ಲೆಯ ಆರೋಗ್ಯ ಅಧಿಕಾರಿಗಳು ಮುಂದಿನ ನಾಟಿಗೆ ಮೊದಲೇ ಇದನ್ನು ಶುರುಮಾಡಲಿ. ಓದುವವರ ಮನೆಯಲ್ಲೋ ತೋಟದಲ್ಲೋ ಒಂದೇ ಕಾಲು ಬಾತು, ಒತ್ತಿದರೆ ಗುಳಿ ಬಿದ್ದು, ವರ್ಷಕ್ಕೆರಡು ಸಲ ಚಳಿಜ್ವರ ಬರುವವರು ಇದ್ದರೆ, ಇವತ್ತು ಸಂಜೆಯೇ ದೀಪದ ಬೆಳಕಿನಲ್ಲಿ ಅವರ ಕಾಲ್ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿ.